ನಟ್ಟಿಲ್ಲದ ಸ್ಪ್ಯಾನರು

ಆ ಕೊಕ್ಕೆ ಸ್ಪ್ಯಾನರಿಗೆ ಹೊಂದುವ ಒಂದೇ ಒಂದು ನಟ್ಟು ಇಡೀ ಕಾರ್ಖಾನೆಯಲ್ಲಿ ಸಿಗಲಿಲ್ಲ.

ಸಿ.ಐ.ಡಿ. ಇನ್‌ಸ್ಪೆಕ್ಟರ್ ಚನ್ನಕೇಶವ ಮತ್ತೊಮ್ಮೆ ಮೊದಲಿನಿಂದ ಹುಡುಕಿದ. ನೀರು ಬಟ್ಟಿಯಿಳಿಸುವ ಹಂಡೆಯಿಂದ ಬಾಟಲಿ ತುಂಬುವ ಮೇಜಿನವರೆಗೆ ಪೈಪಿನ ಜಾಡು ಹಿಡಿದು, ಅಲ್ಲಲ್ಲಿ ಮೊಣಕಾಲೂರಿ, ಕೀಲುಗಳನ್ನೆಲ್ಲ ಮುಟ್ಟಿ ನೋಡಿದ. ಪ್ಯಾಂಟಿನ ಇಸ್ತ್ರಿ ಹಾಳಾಯಿತೇ ಹೊರತು ನಟ್ಟು ಸಿಗಲಿಲ್ಲ.

ಸ್ಪ್ಯಾನರು ಅರ್ಧಚಂದ್ರದ ಹಾಗೆ ಬಾಗಿತ್ತು. ತುದಿಯಲ್ಲೊಂದು ಹಲ್ಲು. ಅಂಚಿನಲ್ಲಿ ಕಚ್ಚುಗಳಿರುವ ದೊಡ್ಡ ಗುಂಡು ನಟ್ಟಿಗೆ ಆ ಹಲ್ಲನ್ನು ಸಿಕ್ಕಿಸಿ ಒಮ್ಮೆ ಎಳೆದರೆ ಪೈಪು ಬಿಚ್ಚಿಕೊಳ್ಳಬೇಕು. ಹಾಲಿನ ಡೈರಿಗಳಲ್ಲಿ ಇಂಥವನ್ನು ಬಳಸುತ್ತಾರೆ. ಇಲ್ಲಿದ್ದವೆಲ್ಲ ತೋಟದ ಪಂಪ್‌ಸೆಟ್ಟಿಗೆ ಹಾಕುವಂಥ ತಿರುಪಿನ ಎಲ್ಬೋಗಳು, ಮೊಣಕೈಯಂತೆ ಬಾಗಿದ ಕಬ್ಬಿಣದ ಕೀಲುಗಳು.

ಸ್ಪ್ಯಾನರು ಸಿಕ್ಕಿದ್ದು ಆಪರೇಟರ್ ಕೋನಪ್ಪನನ್ನು ಹಿಡಿದಾಗ, ಅವನ ಬಿಳಿ ಕೋಟಿನ ಜೇಬಿನಲ್ಲಿ. ಗೌರಿಬಿದನೂರಿನ ಬಾಣಂತಿ ವೆಂಕಟರತ್ನಮ್ಮ ಈ ‘ಸಂಜೀವರಾಯ ಸಲೈನ್ ವರ್ಕ್ಸ್’ನ ನೀರು ಏರಿಸಿಕೊಂಡು, ಗಡಗಡ ನಡುಗುತ್ತಲೇ ಪ್ರಾಣ ಬಿಟ್ಟಿದ್ದಳು. ಪೈಪು ತೊಳೆಯದೆ ಬಿಟ್ಟವನು ನಾನೇ, ಈ ಎಲ್ಬೋ ಹಾಕಿಸಿದವನೂ ನಾನೇ ಎಂದು ಕೋನಪ್ಪ ಒಪ್ಪಿಕೊಂಡು ಚಿಕ್ಕಬಳ್ಳಾಪುರದ ಲಾಕಪ್ಪಿನಲ್ಲಿ ಕೂತಿದ್ದ. ನಾಳೆ ಬೆಳಿಗ್ಗೆ ಅವನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕಿತ್ತು.

ಒಪ್ಪಿಕೊಂಡ ಕೇಸಿಗೆ ಯಾರಾದರೂ ಇಷ್ಟು ತಲೆ ಕೆಡಿಸಿಕೊಳ್ಳುತ್ತಾರೆಯೇ? ಇಲಾಖೆಯಲ್ಲಿ ಚನ್ನಕೇಶವನನ್ನು ನೋಡಿ ಎಲ್ಲರೂ ನಗುತ್ತಿದ್ದುದು ಇದಕ್ಕೇ. ಊಟ ಮುಗಿದ ಮೇಲೆ ಎಲೆ ಎತ್ತದೆ, ಎಲೆಯ ಅಡಿಯಲ್ಲಿ ಏನಿದೆ ಎಂದು ನೋಡುವ ಜಾತಿಯ ಮನುಷ್ಯ ಅವನು.

ಜೊತೆಗಿದ್ದ ಹೆಡ್ ಕಾನ್‌ಸ್ಟೇಬಲ್ ಗಂಗುಲಪ್ಪ ಬಾಗಿಲ ಬಳಿಯೇ ನಿಂತಿದ್ದ. ವಯಸ್ಸಾದವನು, ಮಿತಭಾಷಿ. ಹುಟ್ಟಿದ್ದು ಶಿಡ್ಲಘಟ್ಟದ ಕಡೆ.

“ಏನ್ರೀ ಗಂಗುಲಪ್ಪ, ದಿನಾ ಬಿಚ್ಚಿ ತೊಳೀಬೇಕಾದ ಪೈಪಿದು. ಬಿಚ್ಚೋದು ಹೇಗೆ?”

“ಬಿಚ್ಚೋಕಾಗಲ್ಲ ಸಾರ್. ಒಂದು ಎಲ್ಬೋ ತೆಗೀಬೇಕು ಅಂದ್ರೆ ಲೈನು ಪೂರ್ತಿ ತಿರುಗಿಸ್ಬೇಕು. ಇಲ್ಲಾಂದ್ರೆ ಗರಗಸ ಹಾಕ್ಬೇಕು.”

ಗರಗಸವನ್ನೇ ಹಾಕಿಸಿದರು. ಕಬ್ಬಿಣ ಕಿರುಗುಟ್ಟಿ ತುಂಡಾಗಿ, ಎಲ್ಬೋ ಚನ್ನಕೇಶವನ ಅಂಗೈಗೆ ಬಂತು. ಅದನ್ನು ಉದ್ದಕ್ಕೆ ಸೀಳಿಸಿ ಕಿಟಕಿಯ ಬೆಳಕಿಗೆ ಹಿಡಿದ. ಒಳಗಿನ ತಿರುಪಿನ ಗೆರೆಗಳ ತುಂಬ ಲೋಳೆ. ಲೋಳೆಯ ಕೆಳಗೆ ಹಳದಿ ಬಣ್ಣದ ನೂಲು. ಮೂಗಿನ ಹತ್ತಿರ ತಂದವನು ಹಾಗೇ ದೂರ ಹಿಡಿದ.

ಕೀಲು ಸೋರದಿರಲೆಂದು ಫಿಟ್ಟರುಗಳು ಸಣಬು ಸುತ್ತುತ್ತಾರೆ. ಚನ್ನಕೇಶವನಿಗೂ ಅಷ್ಟು ಗೊತ್ತಿತ್ತು. ಒಂದೆಳೆ ಕಿತ್ತು, ಕರವಸ್ತ್ರದಲ್ಲಿ ಒರೆಸಿ, ಆರಲು ಬಿಟ್ಟು, ಬೆಂಕಿಕಡ್ಡಿ ಗೀರಿದ. ಸಣಬಾಗಿದ್ದರೆ ಕಾಗದದ ಹಾಗೆ ಉರಿದು ಬೂದಿಯಾಗಬೇಕಿತ್ತು. ಇದು ಚುರುಗುಟ್ಟಿ ಮುದುಡಿ, ತುದಿಯಲ್ಲಿ ಕಪ್ಪು ಗುಂಡಾಯಿತು. ಕೋಣೆಯೊಳಗೆಲ್ಲ ಕೂದಲು ಸುಟ್ಟ ವಾಸನೆ ತುಂಬಿತು.

ಪಟ್ಟೆ ಸೀರೆ ಕೊಳ್ಳುವ ಹೆಂಗಸರು ಅಂಗಡಿಯಲ್ಲಿ ಸೆರಗಿನ ಎಳೆ ಕಿತ್ತು ಮಾಡುವ ಪರೀಕ್ಷೆ ಅದು.

“ರೇಷ್ಮೆ,” ಎಂದ ಗಂಗುಲಪ್ಪ. “ನೂಲು ಬಿಚ್ಚುವಾಗ ಉಳಿಯೋ ಕಸ. ಅಂಟು ಕೂಡ ತೆಗೆದಿಲ್ಲ ಸಾರ್. ಈ ನಾತದಲ್ಲೇ ಬೆಳೆದೋನು ನಾನು.”

ಬೆಂಗಳೂರಿನ ಔಷಧ ಪರೀಕ್ಷೆಯ ಕೆಮಿಸ್ಟ್ ವರಲಕ್ಷ್ಮಮ್ಮ ಹಿಂದಿನ ದಿನ ಫೋನಿನಲ್ಲಿ ಹೇಳಿದ್ದು ಆಗ ಚನ್ನಕೇಶವನಿಗೆ ಅರ್ಥವಾಯಿತು. ಆಕೆ ಸಿಡುಕಿನ ಹೆಂಗಸು, ಪಾಠ ಮಾಡಿದ ಹಾಗೇ ಮಾತಾಡಿದ್ದಳು. ರಕ್ತಕ್ಕೆ ಹೋಗುವ ನೀರಿನ ಪೈಪಿನ ಒಳಮೈ ಕನ್ನಡಿಯ ಹಾಗೆ ನುಣುಪಾಗಿರಬೇಕು. ತಿರುಪಿನ ಗೆರೆ ನೀರಿಗೆ ತಾಕಲೇಬಾರದು, ನೀರು ನಿಲ್ಲುವ ಸಂದಿ ಇರಬಾರದು, ದಿನವೂ ಕೈಯಲ್ಲಿ ಬಿಚ್ಚಿ ಉಜ್ಜುವಂತಿರಬೇಕು. ಬಾಟಲಿಯನ್ನು ಆಮೇಲೆ ಹಬೆಯಲ್ಲಿ ಬೇಯಿಸುತ್ತಾರಲ್ಲ ಎಂದು ಇವನು ಕೇಳಿದ್ದಕ್ಕೆ, ಬೇಯಿಸಿದರೆ ಹುಳು ಸಾಯುತ್ತದೆ, ಅದು ಬಿಟ್ಟುಹೋದ ನಂಜು ಸಾಯುವುದಿಲ್ಲ ಎಂದು ಹೇಳಿ ಫೋನು ಇಟ್ಟಿದ್ದಳು.

ಚಿಂತಾಮಣಿಗೆ ಹೋಗಿದ್ದ ಪೆಟ್ಟಿಗೆಗಳನ್ನು ತಡೆಹಿಡಿಯಲು ಅವನು ಆಗಲೇ ಹೇಳಿ ಕಳಿಸಿದ್ದ. ಹಾಗಾಗಿ ಇನ್ನೊಂದು ಜೀವ ಹೋಗುವ ಭಯವಿರಲಿಲ್ಲ. ಉಳಿದದ್ದು ಕೋನಪ್ಪನ ಜೀವ.

ಬೆಂಗಳೂರಿನಲ್ಲಿ ತರಬೇತಿ ಪಡೆದ ಕೋನಪ್ಪ, ಪೈಪಿನ ಕೀಲಿಗೆ ರೇಷ್ಮೆ ಕಸ ಸುತ್ತಿಸಿದನೇ? ಅದೂ ಬಿಚ್ಚಲಾಗದ ಎಲ್ಬೋ ಹಾಕಿಸಿ, ಬಿಚ್ಚುವ ಸ್ಪ್ಯಾನರನ್ನು ಜೇಬಿನಲ್ಲಿಟ್ಟುಕೊಂಡು?

ಸ್ಪ್ಯಾನರಿನ ಹಲ್ಲಿಗೆ ತುಕ್ಕು ಹಿಡಿದಿತ್ತು. ದಿನವೂ ದುಡಿಯುವ ಹಲ್ಲಿಗೆ ತುಕ್ಕು ಹಿಡಿಯುವುದಿಲ್ಲ.

* * *

ರೇಷ್ಮೆಯಿದ್ದಲ್ಲಿ ಶಿಡ್ಲಘಟ್ಟವಿರಲೇಬೇಕು. ರೇಷ್ಮೆ ನೂಲಿನ ಕಾರ್ಖಾನೆಗಳಿಗೆ ಹಬೆ ಪೈಪು ಜೋಡಿಸುವ ಫಿಟ್ಟರ್ ಎರ್ರಪ್ಪನನ್ನು ಹುಡುಕುವುದು ಕಷ್ಟವಾಗಲಿಲ್ಲ. ಬೇಯುತ್ತಿದ್ದ ಗೂಡುಗಳ ನಾತದ ನಡುವೆ ಒಂದು ಬಾಯ್ಲರಿನ ಪಕ್ಕ ಕೂತು ಬೀಡಿ ಸೇದುತ್ತಿದ್ದ. ಸೀಳಿದ ಎಲ್ಬೋ ಕಂಡ ಕೂಡಲೇ ಬೀಡಿ ಆರಿಸಿದ.

ಅವನೇನೂ ಬಚ್ಚಿಡಲಿಲ್ಲ. ಹೌದು, ಜೋಡಿಸಿದ್ದು ತಾನೇ. ಸಣಬು ತಂದಿದ್ದನಂತೆ. ಕಾರ್ಖಾನೆಯ ಧಣಿ ರಾಮಾಂಜಿನಪ್ಪನ ತಾಯಿ ಅಕ್ಕಯ್ಯಮ್ಮ ಬಂದು, ಸಣಬು ಎಲ್ಲೆಲ್ಲಿಯ ಕೆರೆಯಲ್ಲಿ ಯಾರ್ಯಾರು ಕೊಳೆಹಾಕಿದ್ದೋ, ಅದು ಬೇಡ, ಪಟ್ಟೆ ಸುತ್ತು, ಪಟ್ಟೆಗೆ ಮೈಲಿಗೆಯಿಲ್ಲ ಎಂದಳಂತೆ. ಪಟ್ಟೆಯ ಊರಿನವನಿಗೆ ಪಟ್ಟೆ ಸಿಗದೇ ಇರುತ್ತದೆಯೇ?

ಮೊದಲು ಅಲ್ಲಿದ್ದ ಕೀಲುಗಳನ್ನು ಬಿಚ್ಚಿ ತೆಗೆದವನೂ ಅವನೇ. ಅವು ತುಕ್ಕು ಹಿಡಿಯದ ಉಕ್ಕಿನವು, ಗುಂಡು ನಟ್ಟಿನವು, ಬೊಂಬಾಯಿಯಿಂದ ತರಿಸಿದ್ದವು. ಅಂಥ ಚೆಂದದ ಸಾಮಾನು ತನ್ನ ಜನ್ಮದಲ್ಲಿ ಕಂಡಿರಲಿಲ್ಲ ಎಂದ.

“ಮತ್ತೆ ಯಾಕೆ ತೆಗೆಸಿದ್ರು?”

“ಆ ಕೋನಪ್ಪ ದಿನಾ ಬಿಚ್ಚಿ, ಒಳಗೆ ಕೈ ಹಾಕಿ…” ಎಂದು ಶುರುಮಾಡಿದ ಎರ್ರಪ್ಪನ ಕಣ್ಣು ಚನ್ನಕೇಶವನ ಹಿಂದೆ ನಿಂತಿದ್ದ ಗಂಗುಲಪ್ಪನ ಮೇಲೆ ಬಿತ್ತು. ಮಾತು ಅಲ್ಲಿಗೇ ನಿಂತಿತು. “ಏಮ್ ಚೆಪ್ಪೇದಿ ಸಾಮಿ,” ಏನು ಹೇಳಲಿ ಎಂದು ತೆಲುಗಿಗೆ ಹೊರಳಿ ತಲೆ ಕೆರೆದುಕೊಂಡ.

ಗಂಗುಲಪ್ಪ ಒಂದು ಕ್ಷಣವೂ ತಡಮಾಡಲಿಲ್ಲ. ಜೀಪಿಗೆ ನೀರು ಹಾಕುತ್ತೇನೆಂದು ಹೊರಗೆ ನಡೆದ. ಜೀಪಿಗೆ ಬೆಳಿಗ್ಗೆಯಷ್ಟೇ ನೀರು ಹಾಕಿತ್ತು.

ಆತ ಹೋದ ಮೇಲೂ ಎರ್ರಪ್ಪ ಬಾಯಿ ಬಿಡಲಿಲ್ಲ. ತನಗೆ ಕೆಲಸ ಕೊಡುವವರೆಲ್ಲ ಅಂಥ ದೊಡ್ಡ ಮನೆಯವರೇ, ಕೋರ್ಟಿಗೆ ಕರೆದರೆ ಏನೂ ನೆನಪಿಲ್ಲ ಎನ್ನುತ್ತೇನೆ ಎಂದ. ಎದ್ದು ಹೋಗುವಾಗ ಮಾತ್ರ ಒಂದು ಮಾತು ಹೇಳಿದ.

“ನೀವು ಅವರ ಮನೇಲಿ ಕಾಫಿ ಕುಡಿದೋರಲ್ವಾ ಸಾರ್. ಅಲ್ಲೇ ನೋಡ್ಕೊಳ್ಳಿ.”

ಚಿಕ್ಕಬಳ್ಳಾಪುರದ ದಾರಿಯುದ್ದಕ್ಕೂ ಹಿಪ್ಪುನೇರಳೆ ತೋಟಗಳು ಹಿಂದೆ ಸರಿದವು. ಅರ್ಧ ದಾರಿ ಕಳೆದ ಮೇಲೆ ಚನ್ನಕೇಶವ ಕೇಳಿದ. ರಾಮಾಂಜಿನಪ್ಪನವರ ಮನೆಯಲ್ಲಿ ತನಗೆ ಒಳಗೆ ಬೆಳ್ಳಿ ಲೋಟದಲ್ಲಿ ಕಾಫಿ ಬರುತ್ತಿದ್ದಾಗ ಗಂಗುಲಪ್ಪನಿಗೆ ಎಲ್ಲಿ ಕೊಡುತ್ತಿದ್ದರು?

ಜಗಲಿಯ ಗೂಡಿನಲ್ಲಿ ಒಂದು ಗಾಜಿನ ಲೋಟ ಇಟ್ಟಿರುತ್ತಾರೆ, ಮೇಲಿನಿಂದ ಹುಯ್ಯುತ್ತಾರೆ, ಕುಡಿದು ತೊಳೆದು ಇಟ್ಟರಾಯಿತು ಎಂದ ಗಂಗುಲಪ್ಪ. ಗಂಟೆ ಎಷ್ಟಾಯಿತೆಂದು ಹೇಳುವಾಗ ಎಷ್ಟು ದನಿಯಿರುತ್ತದೆಯೋ ಅಷ್ಟೇ ದನಿಯಲ್ಲಿ ಹೇಳಿದ.

ಬಂದಾಗಿನಿಂದ ಅಷ್ಟು ಸಲ ಆ ಜಗಲಿ ಹತ್ತಿ ಇಳಿದಿದ್ದ ಚನ್ನಕೇಶವ. ನೆಲದ ಮೇಲಿನ ಹೆಜ್ಜೆ, ಗೋಡೆಯ ಮೇಲಿನ ಗೀರು, ಬಾಟಲಿಯ ಮುಚ್ಚಳದ ಗುರುತು ಎಲ್ಲ ನೋಡಿದವನ ಕಣ್ಣಿಗೆ ಗೂಡಿನ ಲೋಟ ಬಿದ್ದಿರಲಿಲ್ಲ. ಬಿದ್ದಿತ್ತೋ ಏನೋ, ನೋಡಿದ್ದೆನ್ನುವ ನೆನಪೂ ಉಳಿಯದಷ್ಟು ಅದು ಅವನಿಗೆ ಮಾಮೂಲಾಗಿತ್ತು. ಅವನಿಗೆ ತುಂಬ ನಾಚಿಕೆಯಾಯಿತು. ಗಂಗುಲಪ್ಪನ ಕಡೆ ತಿರುಗಿ ಏನಾದರೂ ಹೇಳಬೇಕೆನ್ನಿಸಿತು. ಆದರೂ ದಾರಿಯನ್ನೇ ನೋಡುತ್ತ ಕೂತ.

* * *

ಧಣಿಯ ಮನೆ ಕಾರ್ಖಾನೆಯ ಕಾಂಪೌಂಡಿನೊಳಗೇ, ಗೌರಿಬಿದನೂರು ರಸ್ತೆಗೆ ಮುಖ ಮಾಡಿತ್ತು. ಅಂಗಳದಲ್ಲಿ ಸಂಜೀವರಾಯನ ಪುಟ್ಟ ಗುಡಿ. ಅಕ್ಕಯ್ಯಮ್ಮ ಆಗತಾನೆ ಪೂಜೆ ಮುಗಿಸಿದ್ದಳು. ಅಭಿಷೇಕದ ನೀರು ಗುಡಿಯ ಪಕ್ಕದಿಂದ ಇನ್ನೂ ಸಣ್ಣಗೆ ಸುರಿಯುತ್ತಿತ್ತು.

ಚನ್ನಕೇಶವ ಅಲ್ಲೇ ನಿಂತ. ಕಲ್ಲಿನ ಗೋಮುಖ ಇರಬೇಕಾದ ಜಾಗದಲ್ಲಿ ಫಳಫಳ ಹೊಳೆಯುವ ಒಂದು ಬಾಗಿದ ಕೊಳವೆ. ಬೆಳ್ಳಿಯದೆಂದು ಅಷ್ಟು ದಿನ ತಿಳಿದಿದ್ದ. ಕೊಳವೆ ಗೋಡೆ ಸೇರುವ ಕಡೆ ಒಂದು ದೊಡ್ಡ ಗುಂಡು ನಟ್ಟು. ನಟ್ಟಿನ ಅಂಚಿನಲ್ಲಿ ಕಚ್ಚುಗಳು.

ಷೂ ಬಿಚ್ಚಿಟ್ಟ. ಜೇಬಿನಿಂದ ಸ್ಪ್ಯಾನರು ತೆಗೆದು ನಟ್ಟಿಗೆ ಹಿಡಿದ. ಹಲ್ಲು ಕಚ್ಚಿನೊಳಗೆ ಸರಿಯಾಗಿ ಕೂತಿತು. ಒಂದು ಎಳೆತಕ್ಕೆ ನಟ್ಟು ಸಡಿಲವಾಯಿತು.

“ದೇವರ ಸಾಮಾನು ಮುಟ್ಟಬೇಡಪ್ಪ,” ಎಂದಳು ಅಕ್ಕಯ್ಯಮ್ಮ, ಬಾಗಿಲಲ್ಲಿ ನಿಂತು.

“ಇದು ದೇವರದ್ದಲ್ಲ ಅಮ್ಮ. ಸಲೈನ್ ಪೈಪಿಂದು.”

ಒಳಗಿನಿಂದ ರಾಮಾಂಜಿನಪ್ಪ ಬಂದ. ಸ್ಪ್ಯಾನರು ಎಲ್ಲಿ ಕಚ್ಚಿಕೊಂಡಿದೆ ಎಂದು ನೋಡಿದವನೇ ಜಗಲಿಯ ಕಂಬ ಹಿಡಿದುಕೊಂಡ. ಹಿಂದೆಯೇ ಬೆಳ್ಳಿ ಲೋಟದಲ್ಲಿ ಕಾಫಿ ಬಂತು. ಚನ್ನಕೇಶವ ಅದನ್ನು ಮುಟ್ಟಲಿಲ್ಲ. ಈಗ ಮುಟ್ಟದೇ ಇದ್ದು ಯಾರಿಗೆ ಏನು ಉಪಕಾರವಾಯಿತು? ಅಷ್ಟು ದಿನ ಕುಡಿದ ಕಾಫಿ ಹೊಟ್ಟೆಯಲ್ಲಿಯೇ ಇತ್ತು.

ಸೀಳಿದ ಎಲ್ಬೋವನ್ನು ಜಗಲಿಯ ಕಟ್ಟೆಯ ಮೇಲಿಟ್ಟ. “ಯಾವುದು ಒಳ್ಳೇದು, ಯಾವುದು ಕೆಟ್ಟದ್ದು ಅಂತ ನಿಮಗೆ ಗೊತ್ತಿತ್ತು ರಾಮಾಂಜಿನಪ್ಪನವರೇ. ಗೊತ್ತಿದ್ದಕ್ಕೇ ಬೊಂಬಾಯಿಂದ ತರಿಸಿದ್ರಿ. ಮತ್ತೆ ಇದನ್ಯಾಕೆ ಹಾಕಿಸಿದ್ರಿ?”

ರಾಮಾಂಜಿನಪ್ಪ ತಗ್ಗಿದ ದನಿಯಲ್ಲಿ ಹೇಳತೊಡಗಿದ. ಅವನು ಬಿ.ಎಸ್ಸಿ. ಓದಿದವನು. ಕೋನಪ್ಪ ಹೈಸ್ಕೂಲಿನಲ್ಲಿ ಅವನಿಗಿಂತ ಕೆಳಗಿನ ತರಗತಿಯಲ್ಲಿದ್ದ, ಮುದ್ದೇನಹಳ್ಳಿ ದಾರಿಯ ಕೇರಿಯ ಹುಡುಗ, ಲೆಕ್ಕದಲ್ಲಿ ಚುರುಕು. ಜಾತಿಗೀತಿ ನೋಡುವ ಕಾಲ ಮುಗಿಯಿತೆಂದು ಭಾಷಣ ಮಾಡಿ, ತಾನೇ ಅವನನ್ನು ಬೆಂಗಳೂರಿನ ಡೈರಿಯೊಂದಕ್ಕೆ ತರಬೇತಿಗೆ ಕಳಿಸಿದ್ದ. ಬಿಳಿ ಕೋಟು ಹೊಲಿಸಿಕೊಟ್ಟವನೂ ತಾನೇ.

ಕೆಲವು ತಿಂಗಳು ಎಲ್ಲ ಸರಿಯಾಗಿತ್ತು. ಕೋನಪ್ಪ ಪ್ರತಿ ಸಂಜೆ ಕೀಲುಗಳನ್ನೆಲ್ಲ ಬಿಚ್ಚಿ, ಬಟ್ಟೆ ಸುತ್ತಿದ ಬೆರಳು ಒಳಗೆ ಹಾಕಿ ಉಜ್ಜಿ, ಬಿಸಿನೀರಿನಲ್ಲಿ ಮುಳುಗಿಸಿ, ಬೆಳಿಗ್ಗೆ ಮತ್ತೆ ಜೋಡಿಸುತ್ತಿದ್ದ. ಒಂದು ದಿನ ಅದು ಅಕ್ಕಯ್ಯಮ್ಮನ ಕಣ್ಣಿಗೆ ಬಿತ್ತು. ಕೇರಿಯವನೊಬ್ಬ ಅಂಗಳದಲ್ಲಿ ಕೆಲಸ ಮಾಡುವುದಕ್ಕೆ ಆಕೆಯ ತಕರಾರಿರಲಿಲ್ಲ. ಊರವರ ರಕ್ತಕ್ಕೆ ಸೇರುವ ನೀರಿನ ದಾರಿಯೊಳಗೆ ಅವನ ಕೈ ಹೋಗುತ್ತದೆ ಎನ್ನುವುದನ್ನು ಆಕೆ ತಡೆಯಲಾರದೆ ಹೋದಳು. ಅನ್ನ ಬಿಟ್ಟು ಮಲಗಿದಳು.

ಬೇರೆ ಯಾರಿಂದಲಾದರೂ ತೊಳೆಸಬಹುದಿತ್ತಲ್ಲ ಎಂದು ಚನ್ನಕೇಶವ ಕೇಳಿದ.

ರಾಮಾಂಜಿನಪ್ಪ ತಲೆ ತಗ್ಗಿಸಿದ. ಉಳಿದ ಆಳುಗಳನ್ನು ಕೇಳಿದ್ದನಂತೆ. ಕೊಳೆ ಉಜ್ಜುವುದು ಅವನ ಜನದ ಕೆಲಸ, ನಾವು ಮಾಡುವುದಿಲ್ಲ ಎಂದರಂತೆ. ಉಜ್ಜಲು ಗೊತ್ತಿದ್ದವನು ಮುಟ್ಟಬಾರದು, ಮುಟ್ಟಬಹುದಾದವರು ಉಜ್ಜುವುದಿಲ್ಲ. ಕೊನೆಗೆ ಯಾರೂ ಮುಟ್ಟಬೇಕಾಗಿಲ್ಲದ ಪೈಪು ಹಾಕುವುದೇ ದಾರಿಯೆಂದು ಮನೆಯಲ್ಲಿ ತೀರ್ಮಾನವಾಯಿತು. ಎರ್ರಪ್ಪ ಬಂದ. ಅಕ್ಕಯ್ಯಮ್ಮ ಊಟ ಮಾಡಿದಳು.

“ಯಾರ ಕೈಯೂ ಬೀಳಬಾರದು ಅಂತ ಹಾಕಿಸ್ದೆ,” ಎಂದಳು ಅಕ್ಕಯ್ಯಮ್ಮ. ಆಕೆಯ ದನಿಯಲ್ಲಿ ಅಳುಕಿರಲಿಲ್ಲ. “ಪಟ್ಟೆ ಸುತ್ತಿಸ್ದೆ. ಉಟ್ಟುಕೊಂಡು ದೇವರ ಮುಂದೆ ನಿಲ್ಲೋ ಪಟ್ಟೆ. ಅದಕ್ಕಿಂತ ಶುದ್ಧವಾದದ್ದು ಏನಿದೆ ಹೇಳಪ್ಪ.”

“ಕೈ ಬೀಳಲಿಲ್ಲ ಅಂತಲೇ ಅದು ಕೊಳೀತಮ್ಮ. ಮೂಸಿ ನೋಡಿ.”

ಅವನು ಒತ್ತಾಯ ಮಾಡಲಿಲ್ಲ. ಮುದುಕಿ ತಾನಾಗಿಯೇ ಬಗ್ಗಿದಳು. ಸೀಳಿದ ಎಲ್ಬೋದ ಗೆರೆಗಳಲ್ಲಿ ಕೂತಿದ್ದ ಲೋಳೆಯನ್ನೂ ಅದರಡಿಯ ಹಳದಿ ಎಳೆಗಳನ್ನೂ ಹತ್ತಿರದಿಂದ ನೋಡಿದಳು. ವಾಸನೆ ತಾಕಿದಾಗ ಸೆರಗು ಮೂಗಿಗೆ ಹೋಯಿತು. ಆಕೆಯ ಸೆರಗೂ ಪಟ್ಟೆಯದೇ.

“ಆ ಬಾಣಂತಿ… ಇದರಿಂದಲೇನಾ?”

ಚನ್ನಕೇಶವ ಹೌದೆಂದು ತಲೆಯಾಡಿಸಿದ.

“ಮಗು ಯಾರ ಹತ್ರ ಇದೆ?”

ಅಜ್ಜಿಯ ಹತ್ತಿರ ಇದೆಯೆಂದೂ ಹಸುವಿನ ಹಾಲು ಕುಡಿಸುತ್ತಿದ್ದಾರೆಂದೂ ಚನ್ನಕೇಶವ ಹೇಳಿದ. ಅಕ್ಕಯ್ಯಮ್ಮ ಗುಡಿಯ ಕಡೆ ನೋಡಲಿಲ್ಲ. ಗೋಡೆ ಹಿಡಿದುಕೊಂಡು ಒಳಗೆ ಹೋದಳು. ಬಾಗಿಲ ಚಿಲಕ ಬಿದ್ದ ಸದ್ದು ಕೇಳಿಸಿತು.

ಈಗ ಮಾತಾಡಿಸುವುದಿದ್ದರೆ ಮಗನನ್ನು. ಪೈಪು ಬದಲಾದ ಮೇಲೆ ಕೋನಪ್ಪ ಏನು ಮಾಡುತ್ತಿದ್ದ? ರಾಮಾಂಜಿನಪ್ಪ ಅದಕ್ಕೂ ಉತ್ತರ ಕೊಟ್ಟ, ಆದರೆ ಮುಖ ಎತ್ತಲಿಲ್ಲ. ಹೊರಗಿನ ಷೆಡ್ಡಿನಲ್ಲಿ ಬಾಯ್ಲರಿಗೆ ಸೌದೆ ಹಾಕುತ್ತಿದ್ದ. ತಪಾಸಣೆಗೆ ಅಧಿಕಾರಿಗಳು ಬಂದಾಗ ಮಾತ್ರ ಕೈಕಾಲು ತೊಳೆದು, ಬಿಳಿ ಕೋಟು ಹಾಕಿಕೊಂಡು ಪೈಪಿನ ಪಕ್ಕ ನಿಲ್ಲುತ್ತಿದ್ದ. ತರಬೇತಿಯಾದ ಆಪರೇಟರು ಇದ್ದಾನೆಂದು ತೋರಿಸಬೇಕಿತ್ತಲ್ಲ.

“ಅಂದ್ರೆ ಆ ಬಾಣಂತಿಗೆ ಹೋದ ನೀರಿನ ಪೈಪನ್ನ ಅವನು ಮುಟ್ಟೇ ಇಲ್ಲ.”

“ಇಲ್ಲ.”

“ನಾಳೆ ಕೋರ್ಟಲ್ಲಿ ಹೇಳ್ತೀರಾ?”

“ಹೇಳಲ್ಲ ಸಾರ್. ಅಮ್ಮನ್ನ ಕಟಕಟೇಲಿ ನಿಲ್ಲಿಸೋಕೆ ನನ್ನಿಂದಾಗಲ್ಲ.” ಅವನ ಕಣ್ಣು ಕೆಂಪಾಗಿತ್ತು. “ಆದ್ರೆ ದೇವರಾಣೆಗೂ ಅವನ ಹತ್ರ ನಾನು ಹೇಳಿಸ್ಲಿಲ್ಲ. ತಾನಾಗೇ ಒಪ್ಕೊಂಡ. ಯಾಕೆ ಒಪ್ಕೊಂಡ್ಯೋ ಅಂತ ಹೋಗಿ ಕೇಳೋ ಮುಖ ನನಗಿಲ್ಲ.”

ಚನ್ನಕೇಶವನಿಗೆ ಈ ಮನುಷ್ಯನ ಮೇಲೆ ಸಿಟ್ಟು ಬರಬೇಕಿತ್ತು. ಬಂತು ಕೂಡ. ಆದರೆ ಅದರ ಜೊತೆಗೆ, ಕಂಬದಾಚೆ ಗೂಡಿನಲ್ಲಿ ಬೋರಲಾಗಿ ಕೂತಿದ್ದ ಗಾಜಿನ ಲೋಟ ಕಣ್ಣಿಗೆ ಬೀಳುತ್ತಿತ್ತು. ಸಿಟ್ಟು ಪೂರ್ತಿ ಏಳಲಿಲ್ಲ.

* * *

ಸ್ಟೇಷನ್ ಮುಟ್ಟುವ ಹೊತ್ತಿಗೆ ಇಳಿಬಿಸಿಲು ನಂದಿಬೆಟ್ಟದ ನೆತ್ತಿಗೆ ಹತ್ತಿತ್ತು. ದಾರಿಯಲ್ಲಿ ಚನ್ನಕೇಶವ ಲೆಕ್ಕ ಹಾಕಿದ. ಧಣಿ ಬಾಯಿ ಬಿಡುವುದಿಲ್ಲ. ಎರ್ರಪ್ಪನಿಗೆ ನೆನಪಿರುವುದಿಲ್ಲ. ಆಳುಗಳು ಧಣಿಯ ಉಪ್ಪು ತಿಂದವರು. ಕೈಯಲ್ಲಿರುವ ಕಬ್ಬಿಣವೂ ಉಕ್ಕೂ, ಯಾವ ಕೀಲು ಕೆಟ್ಟದ್ದೆಂದು ಹೇಳುತ್ತವೆಯೇ ಹೊರತು ಯಾರು ಹಾಕಿಸಿದರೆಂದು ಹೇಳುವುದಿಲ್ಲ. ಹೇಳಬೇಕಾದವನು ಕೋನಪ್ಪ. ಒಪ್ಪಿಕೊಂಡದ್ದು ಸುಳ್ಳು, ನಾನು ಮುಟ್ಟಲೇ ಇಲ್ಲ ಎಂದು ಅವನೊಂದು ಮಾತು ಹೇಳಿದರೆ ಸಾಕು.

ಲಾಕಪ್ಪಿನ ಕಂಬಿಗಳ ಹಿಂದೆ ಕೋನಪ್ಪ ಗೋಡೆಗೊರಗಿ ಕೂತಿದ್ದ. ಇಪ್ಪತ್ತೈದರ ಆಸುಪಾಸಿನವನು, ಹಣೆಯ ಮೇಲೆ ಕ್ರಾಪು ತಿದ್ದಿದ ಷೋಕಿಯ ಹುಡುಗ. ಬಂಧನದಲ್ಲೂ ಅಂಗಿಯ ಮೇಲಿನ ಗುಂಡಿ ಬಿಚ್ಚಿರಲಿಲ್ಲ. ಚನ್ನಕೇಶವ ಏನೂ ಹೇಳದೆ ಸ್ಪ್ಯಾನರನ್ನು ಕಂಬಿಗಳ ನಡುವೆ ಹಿಡಿದ.

“ತುಕ್ಕು ಹಿಡಿದಿದೆ ಕೋನಪ್ಪ.”

ಕೋನಪ್ಪ ಅದನ್ನು ನೋಡಿದ. ಕೈ ಚಾಚಲಿಲ್ಲ.

“ಗುಡಿ ಹತ್ರ ನಟ್ಟು ಸಿಕ್ತು. ಸೌದೆ ಷೆಡ್ಡಿನ ವಿಷಯಾನೂ ಗೊತ್ತಾಯ್ತು. ನೀನು ತಪ್ಪು ಮಾಡಿಲ್ಲ. ಯಾಕೆ ಒಪ್ಕೊಂಡೆ?”

“ನಾನೇ ಸಾರ್ ಆಪರೇಟ್ರು. ಪೈಪ್ ಮುಟ್ಟಿದ್ದು ನಾನೇ.”

“ನಿನ್ನ ಕೈಲಿ ಮುಟ್ಟಿಸಲಿಲ್ಲ ಅಂತ ಧಣಿಯೇ ಹೇಳಿದ.”

ಆ ಮಾತಿಗೆ ಹುಡುಗನ ಮುಖ ಹೊಡೆಸಿಕೊಂಡವನ ಮುಖದಂತಾಯಿತು. ಅವನು ಎದ್ದು ಕಂಬಿಯ ಹತ್ತಿರ ಬಂದು, ಆಚೀಚೆ ನೋಡಿ, ಗಂಗುಲಪ್ಪನೊಬ್ಬನೇ ಇದ್ದಾನೆಂದು ಖಾತ್ರಿ ಮಾಡಿಕೊಂಡ.

“ಅದನ್ನ ಜೋರಾಗಿ ಹೇಳ್ಬೇಡಿ ಸಾರ್.”

ಆಮೇಲೆ ತಡೆದು ತಡೆದು ಹೇಳಿದ. ಬಿಳಿ ಕೋಟು ಹಾಕಿಕೊಂಡು ಮೊದಲ ದಿನ ಕೇರಿಯಿಂದ ಹೊರಟಾಗ ಜನವೆಲ್ಲ ಬಾಗಿಲಿಗೆ ಬಂದು ನಿಂತಿದ್ದರು. ಡಾಕ್ಟರ ಮದ್ದಿನ ನೀರು ನಮ್ಮ ಕೋನಪ್ಪನ ಕೈಯಿಂದ ಹೋಗುತ್ತದೆ ಎಂದು ಅವನ ತಾಯಿ ಪೆದ್ದಮ್ಮ ಎಲ್ಲರಿಗೂ ಹೇಳಿಕೊಂಡು ಬಂದಳು. ಆ ಕೋಟು ನೋಡಿಯೇ ದನ ಕಾಯುತ್ತಿದ್ದ ಹುಡುಗರನ್ನು ಅಪ್ಪಂದಿರು ಇಸ್ಕೂಲಿಗೆ ಹಾಕಿದರು. ಸೌದೆ ಷೆಡ್ಡಿಗೆ ಹೋಗು ಎಂದ ದಿನವೂ ಅವನು ಕೋಟು ಹಾಕಿಕೊಂಡೇ ಮನೆಗೆ ಬಂದ. ಮರುದಿನವೂ ಹಾಗೇ. ಷೆಡ್ಡಿನಲ್ಲಿ ಕೋಟು ಬಿಚ್ಚಿ ಮೊಳೆಗೆ ನೇತುಹಾಕುವುದು, ಸಂಜೆ ಮೈ ತೊಳೆದು ಹಾಕಿಕೊಳ್ಳುವುದು. ಜೇಬಿನಲ್ಲಿ ಸ್ಪ್ಯಾನರು. ಯಾರಾದರೂ ಕೇಳಿದರೆ ತೋರಿಸಲು ಬೇಕಲ್ಲ.

“ಪೊಲೀಸ್ನೋರು ಬಂದು ಆಪರೇಟ್ರು ಯಾರು ಅಂದ್ರು. ಕೇರಿಯೋರು ಗೇಟಿನ ಹತ್ರ ನಿಂತಿದ್ರು. ನಮ್ಮಮ್ಮನೂ ಇದ್ಲು. ನಾನಲ್ಲ, ನಾನು ಸೌದೆ ಹಾಕೋನು, ನನ್ನ ಕೈ ತಾಕಿದ್ರೆ ಮೈಲಿಗೆ ಅಂತ ಹೇಳಬೇಕಿತ್ತಾ ಸಾರ್?”

ನಾಚಿಕೆಪಡಬೇಕಾದವರು ಒಬ್ಬರೂ ಈ ಕಂಬಿಯ ಹಿಂದೆ ಇರಲಿಲ್ಲ. ಇಲ್ಲಿದ್ದವನು ಅವರೆಲ್ಲರ ನಾಚಿಕೆಯನ್ನೂ ಒಬ್ಬನೇ ಹೊತ್ತುಕೊಂಡಿದ್ದ. ಕೋಟು ಎಲ್ಲಿ ಎಂದು ಚನ್ನಕೇಶವ ತಟ್ಟನೆ ಗಂಗುಲಪ್ಪನ ಕಡೆ ತಿರುಗಿದ. ಸೌದೆಯ ಮಸಿ ಮೆತ್ತಿದ ಕೋಟು ಕೋರ್ಟಿನ ಮೇಜಿನ ಮೇಲೆ ಬಂದರೆ ಯಾರೂ ಬಾಯಿ ಬಿಡಬೇಕಾಗಿರಲಿಲ್ಲ.

ಗಂಗುಲಪ್ಪನ ಮುಖ ಇಳಿದುಹೋಯಿತು. ಕೋನಪ್ಪನ ತಾಯಿ ಬಂದು ಬೇಡಿಕೊಂಡಳು, ಕೋಟಿನಲ್ಲೇನಿದೆ ಎಂದು ತಾನೇ ಕೊಟ್ಟು ಕಳಿಸಿದೆ ಎಂದ. ಕೋರ್ಟಿನಲ್ಲಿ ಮಗ ಶುಭ್ರವಾಗಿ ನಿಲ್ಲಲಿ ಅಂತ ಒಗೆದು ತರುತ್ತೇನೆಂದಿದ್ದಳು.

ಮಾತು ಮುಗಿಯುವಷ್ಟರಲ್ಲಿ ಬಾಗಿಲಲ್ಲಿ ಪೆದ್ದಮ್ಮ ನಿಂತಿದ್ದಳು. ಸಣ್ಣ ಆಳಿನ ಹೆಂಗಸು. ಒಂದು ಕಂಕುಳಲ್ಲಿ ಬುತ್ತಿಯ ಗಂಟು. ಎರಡು ಕೈಗಳ ಮೇಲೆ ಹಾಸಿಕೊಂಡು ತಂದಿದ್ದಳು ಕೋಟನ್ನು, ಮಡಿಕೆ ಮುರಿಯಬಾರದೆಂದು. ನೀಲಿ ಹಾಕಿ, ಗಂಜಿ ಹಾಕಿ, ಎಲ್ಲಿಂದಲೋ ಇಸ್ತ್ರಿಯನ್ನೂ ಮಾಡಿಸಿದ್ದಳು. ಸಾಕ್ಷಿಯೆಲ್ಲ ಕಾಲುವೆಯಲ್ಲಿ ಹರಿದುಹೋಗಿತ್ತು.

ಒಂದೇ ದಾರಿ ಉಳಿದಿತ್ತು. ಆ ದಾರಿ ಹಿಡಿಯಲು ಚನ್ನಕೇಶವನಿಗೆ ಮನಸ್ಸಿರಲಿಲ್ಲ. ಆದರೂ ಕೇಳಿದ.

“ಅಮ್ಮಾ, ಈ ಕೋಟು ಒಗೆಯೋರು ಯಾರು?”

“ನಾನೇ ಸಾಮಿ. ವಾರ ವಾರಾನೂ ನಾನೇ.”

“ಒಗೆಯುವಾಗ ನೀರು ಯಾವ ಬಣ್ಣ ಬರುತ್ತೆ?”

“ಅಮ್ಮಾ, ನೀನು ಹೊರಗೆ ಹೋಗು,” ಎಂದ ಕೋನಪ್ಪ.

ಪೆದ್ದಮ್ಮ ಹೋಗಲಿಲ್ಲ. ಮಗನನ್ನು ನೋಡಿದಳು. ಚನ್ನಕೇಶವನ ಕೈಯಲ್ಲಿದ್ದ ಸ್ಪ್ಯಾನರನ್ನು ನೋಡಿದಳು. ಕೋಟಿನ ಕಾಲರನ್ನು ಹೆಬ್ಬೆರಳಿನಿಂದ ಒಮ್ಮೆ ನೇವರಿಸಿದಳು.

“ಕಪ್ಪು ಸಾಮಿ,” ಎಂದಳು. “ಕಾಲರಿನ ಒಳಗಡೆ, ತೋಳಿನ ಒಳಗಡೆ. ಬಾಯ್ಲರಿನ ಮಸಿ. ಮೊದಲನೇ ಸಲ ಬಂದಾಗ್ಲೇ ನಂಗೆ ಗೊತ್ತಾಯ್ತು. ಅವನು ಹೇಳಲಿಲ್ಲ. ನಾನೂ ಕೇಳಲಿಲ್ಲ.”

ಕೋನಪ್ಪ ಗೋಡೆಯ ಕಡೆ ತಿರುಗಿಬಿಟ್ಟ.

ಚನ್ನಕೇಶವ ಪೆದ್ದಮ್ಮನ ಕಡೆ ತಿರುಗಿದ. ಇದೇ ಮಾತನ್ನು ನಾಳೆ ಮ್ಯಾಜಿಸ್ಟ್ರೇಟರ ಮುಂದೆ ಹೇಳಿದರೆ ಸಾಕು, ಮಗ ನಿಮ್ಮ ಜೊತೆ ಮನೆಗೆ ಬರುತ್ತಾನೆ ಎಂದು ಸಮಾಧಾನವಾಗಿ ಬಿಡಿಸಿ ಹೇಳಿದ. ಪೆದ್ದಮ್ಮ ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಕೋಟನ್ನು ಕಂಬಿಗಳ ನಡುವೆ, ಒಂದು ಗೆರೆಯೂ ಮುರಿಯದ ಹಾಗೆ, ಮಗನ ಕಡೆ ಚಾಚಿದಳು.

“ನಿಮ್ಮ ಹತ್ರ ನಿಜ ಹೇಳ್ದೆ ಸಾಮಿ. ನಾಳೆ ದೊಡ್ಡೋರು ಕೇಳಿದ್ರೆ, ನೀರು ಬೆಳ್ಳಗೆ ಬರ್ತಿತ್ತು ಅಂತೀನಿ. ಪೈಪು ಮುಟ್ಟಿದ್ದು ನನ್ನ ಮಗನೇ.”